ಸಹಿ ಹಾಕುವ ಮುಂಚೆ: ಹೊಸದಾಗಿ ಪಂಚಾಯ್ತಿ ಅಧ್ಯಕ್ಷರಾದ ಹೆಣ್ಣುಮಕ್ಕಳಿಗೆ

ನಾನು ಅಧ್ಯಕ್ಷೆಯಾದ ದಿನ ಮೊದಲ ಹಾರ ಬಿದ್ದಿದ್ದು ನಮ್ಮ ಯಜಮಾನರ ಕೊರಳಿಗೆ. ಪಾಪ, ಅವರಿಗೇ ನಾಚಿಕೆಯಾಗಿ ಅದನ್ನು ತೆಗೆದು ಸ್ಕೂಟರಿನ ಕನ್ನಡಿಗೆ ಸಿಕ್ಕಿಸಿದರು. ನಾನು ಒಳಗೆ ಮೇಜಿನ ಮುಂದೆ ಕೂತು ಸಹಿ ಹಾಕುತ್ತಿದ್ದೆ. ನಾಲ್ಕು ಕಾಗದ ಇದ್ದವು. ಮೊದಲನೆಯದು ಏನು ಅಂತ ಗೊತ್ತು. ಉಳಿದ ಮೂರು ಏನು ಅಂತ ಇವತ್ತಿಗೂ ಗೊತ್ತಿಲ್ಲ. ಹೊರಗೆ ಪಟಾಕಿ ಹೊಡೆಯುತ್ತಿದ್ದರು, ಎಲ್ಲರೂ ಅವಸರ ಮಾಡಿದರು, ಹಾಕಿಬಿಟ್ಟೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತುಮಕೂರು ಜಿಲ್ಲೆಯ ಬಯಲುಸೀಮೆ. ಕಡ್ಲೆಕಾಯಿ, ರಾಗಿ, ಹುಣಸೆ ಮರ, ಫ್ಲೋರೈಡ್ ನೀರು. ಎಸ್ಸೆಸ್ಸೆಲ್ಸಿ ಎರಡನೇ ಸಲಕ್ಕೆ ಪಾಸು. ಹದಿನಾಲ್ಕು ವರ್ಷ ನಮ್ಮೂರ ಮಹಿಳಾ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿಗೆ ಗೆದ್ದೆ. ಅಧ್ಯಕ್ಷ ಸ್ಥಾನ ಸಾಮಾನ್ಯ ಮಹಿಳೆಗೆ ಬಂತು, ನನಗೆ ಸಿಕ್ಕಿತು. ಅವಧಿ 30 ತಿಂಗಳು. 400 ಜನಕ್ಕೆ ಒಬ್ಬರು ಸದಸ್ಯರು ಅನ್ನುವ ಲೆಕ್ಕದಲ್ಲಿ ನಮ್ಮಲ್ಲಿ 15 ಜನ, ಅದರಲ್ಲಿ 8 ಹೆಂಗಸರು. ಗೆಲ್ಲುವುದು ಹೇಗೆ ಅಂತ ನಾನು ಹೇಳುವುದಿಲ್ಲ. ಅದನ್ನು ಹೇಳುವವರು ಪ್ರತಿ ಟೀ ಅಂಗಡಿಯಲ್ಲೂ ಇದ್ದಾರೆ. ಗೆದ್ದ ಮೇಲೆ ಏನು ಮಾಡಬೇಕು ಅಂತ ಹೇಳುವವರು ಕಮ್ಮಿ.

ನಮ್ಮ ಅತ್ತೆ 1987ರಲ್ಲಿ ಮಂಡಲ ಪಂಚಾಯ್ತಿ ಸದಸ್ಯೆ ಆಗಿದ್ದವರು. ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬ್ ಕಾಲ. ದೇಶಕ್ಕೆಲ್ಲ ಪಂಚಾಯ್ತಿ ಮೀಸಲಾತಿ ತಂದ 73ನೇ ತಿದ್ದುಪಡಿ ಸಂವಿಧಾನಕ್ಕೆ ಬರುವ ಮುಂಚೆಯೇ ಕರ್ನಾಟಕದಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಇಟ್ಟಿದ್ದರು. 2010ರಲ್ಲಿ ಅದು ನೂರಕ್ಕೆ 50 ಆಯಿತು. ಅತ್ತೆಗೆ ಓದು ಬರುತ್ತಿರಲಿಲ್ಲ, ಅವಧಿ ಪೂರ್ತಿ ಹೆಬ್ಬೆಟ್ಟು ಒತ್ತಿದರು. "ಏನ್ ಬರ್ದವ್ರೆ ಅಂತ ಒಬ್ರೂ ಹೇಳ್ಲಿಲ್ಲ ಕಣವ್ವ, ಮಸಿ ಒರೆಸ್ಕೊಳ್ಳಕ್ಕೆ ಬಟ್ಟೆ ಮಾತ್ರ ಕೊಡೋರು" ಅಂತ ನಗುತ್ತಿದ್ದರು. ನನ್ನ ಸಹಿಗೂ ಅವರ ಹೆಬ್ಬೆಟ್ಟಿಗೂ ಮೊದಲ ದಿನ ಏನೂ ವ್ಯತ್ಯಾಸ ಇರಲಿಲ್ಲ.

ಮೊದಲ ವಾರ: ಕೀ ಎಲ್ಲಿದೆ, ಫೋನ್ ನಂಬರ್ ಯಾರದು?

ಈಗ ಪಂಚಾಯ್ತಿ ಹಣ ಚೆಕ್ಕಿಗಿಂತ ಜಾಸ್ತಿ ಕಂಪ್ಯೂಟರಿನಲ್ಲೇ ಹೋಗುತ್ತದೆ. ಅದಕ್ಕೆ ಡಿಎಸ್‌ಸಿ ಅಂತ ಒಂದು ಡಿಜಿಟಲ್ ಸಹಿಯ ಕೀ ಇರುತ್ತದೆ. ನೋಡಲು ಪೆನ್‌ಡ್ರೈವ್ ಥರ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರದ್ದು ಒಂದು, ಅಧ್ಯಕ್ಷರದ್ದು ಒಂದು. ಎರಡೂ ಸೇರಿದರೆ ದುಡ್ಡು ಹೊರಡುತ್ತದೆ. ಅದೇ ನಿಮ್ಮ ಸಹಿ ಅಂದುಕೊಳ್ಳಿ.

ನನ್ನ ಕೀ ಎಲ್ಲಿತ್ತು ಗೊತ್ತಾ? ಆಫೀಸಿನ ಡ್ರಾಯರಿನಲ್ಲಿ. ಪಿನ್ ನಂಬರ್ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಟ್ಟಿದ್ದರು. "ಎಲ್ಲಾ ಅಧ್ಯಕ್ಷರೂ ಇಲ್ಲೇ ಇಡ್ತಾರೆ ಮೇಡಂ, ನಿಮಗ್ಯಾಕೆ ತೊಂದರೆ" ಅಂದರು. ಎರಡನೇ ತಿಂಗಳು ಅದನ್ನು ಎತ್ತಿಕೊಂಡು ಚಿಲ್ಲರೆ ಪರ್ಸಿಗೆ ಹಾಕಿಕೊಂಡೆ. ಒಂದು ವಾರ ಆಫೀಸಿನಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅಭ್ಯಾಸ ಆಯಿತು.

ನೀವು ಮೊದಲ ವಾರವೇ ಇಷ್ಟು ಮಾಡಿ. ಕೀ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಪಿನ್ ಬದಲಾಯಿಸಿ. ಡಿಎಸ್‌ಸಿಗೂ ಪಂಚಾಯ್ತಿಯ ಬ್ಯಾಂಕ್ ಖಾತೆಗಳಿಗೂ ಯಾವ ಮೊಬೈಲ್ ನಂಬರ್ ಕೊಟ್ಟಿದ್ದಾರೆ ಕೇಳಿ. ತುಂಬಾ ಕಡೆ ಅದು ಗಂಡನ ನಂಬರೋ ಮಗನ ನಂಬರೋ ಆಗಿರುತ್ತದೆ. ನನ್ನದೂ ಯಜಮಾನರ ನಂಬರ್ ಆಗಿತ್ತು. ಅವರು ಮೋಸಗಾರರಲ್ಲ, ಆದರೆ ಮೆಸೇಜ್ ಬಂದರೆ ಓದುವವರೂ ಅಲ್ಲ. ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟು ಬದಲಾಯಿಸಿಕೊಂಡೆ. ಹಾಗೆಯೇ ಎಷ್ಟು ಖಾತೆ ಇವೆ ಅಂತ ಪಾಸ್‌ಬುಕ್ ಸಮೇತ ನೋಡಿ. ಒಂದೇ ಖಾತೆ ಇರುತ್ತದೆ ಅಂದುಕೊಂಡಿದ್ದೆ, ಒಂದೊಂದು ಅನುದಾನಕ್ಕೂ ಒಂದೊಂದು ಇತ್ತು.

ನಡಾವಳಿ ಪುಸ್ತಕ

ಇದೊಂದನ್ನು ಸರಿಯಾಗಿ ಕಲಿತರೆ ಅರ್ಧ ಕೆಲಸ ಕಲಿತಂತೆ. ಪಂಚಾಯ್ತಿಯಲ್ಲಿ ಏನೇ ಆಗಬೇಕಾದರೂ ಸಭೆಯಲ್ಲಿ ಠರಾವು, ಅಂದರೆ ತೀರ್ಮಾನ, ಆಗಬೇಕು, ಆ ಠರಾವು ನಡಾವಳಿ ಪುಸ್ತಕದಲ್ಲಿ ಇರಬೇಕು, ಕೆಳಗೆ ಅಧ್ಯಕ್ಷರ ಸಹಿ ಬೀಳಬೇಕು. ನಾಳೆ ಆಡಿಟ್ ಬಂದರೆ, ಲೋಕಾಯುಕ್ತಕ್ಕೆ ದೂರು ಹೋದರೆ, ಆ ಪುಸ್ತಕವೇ ಸಾಕ್ಷಿ. ನೀವು ಬಾಯಲ್ಲಿ ಏನು ಹೇಳಿದ್ದಿರಿ ಅನ್ನುವುದಕ್ಕೆ ಸಾಕ್ಷಿ ಇಲ್ಲ.

ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಸದಸ್ಯರು ಬರುತ್ತಾರೆ, ಹಾಜರಿಗೆ ಸಹಿ ಹಾಕುತ್ತಾರೆ. ಅರ್ಧ ಗಂಟೆ ಗಲಾಟೆ. ಟೀ, ವಡೆ ಬರುತ್ತದೆ. ತಿಂದು ಎದ್ದು ಹೋಗುತ್ತಾರೆ. ನಡಾವಳಿಯನ್ನು ಆಮೇಲೆ, ಕೆಲವು ಸಲ ಎರಡು ದಿನ ಬಿಟ್ಟು, ಯಾರೋ ಕೂತು ಬರೆಯುತ್ತಾರೆ. ಎಲ್ಲದರ ಕೆಳಗೂ "ಸರ್ವಾನುಮತದಿಂದ ತೀರ್ಮಾನಿಸಲಾಯಿತು". ಸಭೆಯಲ್ಲಿ ಕುರ್ಚಿ ಎತ್ತಿ ಎಸೆದಿದ್ದರೂ ಸರ್ವಾನುಮತವೇ.

ನೋಟಿಸಿನಲ್ಲಿ ವಿಷಯಗಳ ಪಟ್ಟಿ ಇರುತ್ತದಲ್ಲ, ಅದರ ಕೊನೆಯ ಸಾಲು ನೋಡಿ. "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು" ಅಂತ ಇರುತ್ತದೆ. ಓದಲು ಎಷ್ಟು ಗೌರವ ಕೊಟ್ಟ ಹಾಗಿದೆ ಅಲ್ವಾ? ನನ್ನ ಮೊದಲ ಮೂರು ಸಭೆಯಲ್ಲಿ ನಾನು ಯಾವ ಅಪ್ಪಣೆಯನ್ನೂ ಕೊಟ್ಟಿರಲಿಲ್ಲ. ಪುಸ್ತಕ ತೆರೆದು ನೋಡಿದರೆ ಆ ಸಾಲಿನ ಕೆಳಗೆ ಒಂಬತ್ತು ಅಪ್ಪಣೆ ಕೊಟ್ಟಿದ್ದೆ. ಬೀದಿದೀಪ ಖರೀದಿ, ಬ್ಲೀಚಿಂಗ್ ಪೌಡರ್, ಯಾರದೋ ಮನೆಯ ಮುಂದಿನ ಚರಂಡಿ.

ಡೇರಿಯಲ್ಲಿ ಹಾಲು ಅಳೆದ ತಕ್ಷಣ ಪುಸ್ತಕಕ್ಕೆ ಬರೆಯುತ್ತೇವೆ. ಸಾಯಂಕಾಲ ಬರೆಯುತ್ತೇನೆ ಅಂದರೆ ಯಾವ ಹೆಂಗಸೂ ಬಿಡುವುದಿಲ್ಲ. ಅದೇ ಪದ್ಧತಿಯನ್ನು ಇಲ್ಲಿಗೂ ತಂದೆ. ಟೀ ಬರುವ ಮುಂಚೆ ಪುಸ್ತಕ ಬರಬೇಕು ಅಂದೆ. ಒಂದೊಂದು ವಿಷಯ ಮುಗಿದ ಹಾಗೆ ಅಲ್ಲೇ ಬರೆಸಿ, ಗಟ್ಟಿಯಾಗಿ ಓದಿಸಿದೆ. ಯಾರಾದರೂ ಬೇಡ ಅಂದರೆ ಅವರ ಹೆಸರು ಬರೆದು "ವಿರೋಧ ವ್ಯಕ್ತಪಡಿಸಿದರು" ಅಂತ ಸೇರಿಸಿದೆ. ಮೊದಮೊದಲು ಸಭೆ ಮೂರು ಗಂಟೆ ಹಿಡಿಯಿತು. ವಡೆ ತಣ್ಣಗಾಗುತ್ತದೆ ಅಂತ ಬೈದುಕೊಂಡರು.

ಕೊನೆಯ ಸಾಲು ಬರೆದ ಮೇಲೆ ಪುಟದಲ್ಲಿ ಜಾಗ ಉಳಿದಿದ್ದರೆ ಅಡ್ಡ ಗೆರೆ ಹೊಡೆಯಿರಿ. ಸಹಿಯನ್ನು ಪುಟದ ಕೆಳತುದಿಯಲ್ಲಿ ಹಾಕಬೇಡಿ, ಕೊನೆಯ ಸಾಲಿಗೆ ತಾಗಿದ ಹಾಗೆ ಹಾಕಿ. ಅರ್ಧ ಪುಟ ಖಾಲಿ ಬಿಟ್ಟರೆ ಅದರಲ್ಲಿ ಒಂದು ಸಿಮೆಂಟ್ ರಸ್ತೆಯೇ ಹಿಡಿಸುತ್ತದೆ. ಆಮೇಲೆ ಪ್ರತಿ ಪುಟದ ಫೋಟೋ ನಿಮ್ಮ ಫೋನಿನಲ್ಲಿ ತೆಗೆದುಕೊಳ್ಳಿ. ಫೋನ್ ಸರಿ ಇಲ್ಲ ಅಂದರೆ ಪಕ್ಕದ ಸದಸ್ಯೆಗೆ ಹೇಳಿ.

ಮೋಟಾರ್ ಸುಟ್ಟಿದೆ

ನಮ್ಮ ಪಂಚಾಯ್ತಿಗೆ ಆಗ 11 ಕೊಳವೆಬಾವಿ. ತಿಂಗಳಿಗೆ ನಾಲ್ಕು, ಐದು ಮೋಟಾರ್ ರಿಪೇರಿ ಬಿಲ್ಲು ಬರುತ್ತಿತ್ತು. ವೈಂಡಿಂಗ್, ಕೇಬಲ್, ಎತ್ತಿಸಿದ ಕೂಲಿ, ಇಳಿಸಿದ ಕೂಲಿ. ಆ ಲೆಕ್ಕದಲ್ಲಿ ಎರಡೂವರೆ ತಿಂಗಳಿಗೆ ಊರಿನ ಎಲ್ಲಾ ಮೋಟಾರೂ ಒಂದು ಸುತ್ತು ಸುಟ್ಟುಹೋಗಬೇಕು.

ಬಿಲ್ಲಿನಲ್ಲಿ ಯಾವ ಬೋರು ಅಂತ ಇರಲಿಲ್ಲ. ಕೇಳಿದೆ. "ಊರಮುಂದಿನದು" ಅಂದರು. ಆ ಬೋರಿನ ನೀರು ಬಿಡುವ ನೀರುಗಂಟಿ ನಮ್ಮ ಡೇರಿಗೆ ಹಾಲು ಹಾಕುವವರ ಗಂಡ. ಬೆಳಿಗ್ಗೆ ಹಾಲು ಅಳೆಯುವಾಗ ಸುಮ್ನೆ ಮಾತಿಗೆ ಕೇಳಿದೆ. "ಆರು ತಿಂಗಳಿಂದ ಎತ್ತೇ ಇಲ್ಲವಲ್ಲಕ್ಕ" ಅಂದ. ಮೋಟಾರ್ ಎತ್ತುವುದು ಕದ್ದು ಮಾಡುವ ಕೆಲಸ ಅಲ್ಲ. ಗಾಡಿ ಬರಬೇಕು, ಪೈಪುಗಳನ್ನು ರಸ್ತೆಯ ಉದ್ದಕ್ಕೂ ಮಲಗಿಸಬೇಕು, ಅರ್ಧ ಊರು ನಿಂತು ನೋಡುತ್ತದೆ.

ನಾನು ಜಗಳ ಮಾಡಲಿಲ್ಲ. ಒಂದು ನೋಟ್‌ಬುಕ್ ತಂದೆ. ಒಂದೊಂದು ಬೋರಿಗೆ ಒಂದೊಂದು ಹಾಳೆ. ಬೋರಿನ ಹೆಸರು, ಎಷ್ಟು ಅಡಿ, ಮೋಟಾರ್ ಎಷ್ಟು ಎಚ್‌ಪಿ, ಮೋಟಾರಿನ ಮೇಲಿರುವ ನಂಬರ್, ಎತ್ತಿದ ದಿನ, ಇಳಿಸಿದ ದಿನ. ಪಕ್ಕದಲ್ಲಿ ನೀರುಗಂಟಿಯ ಸಹಿ, ಜೊತೆಗೆ ಆ ಬೀದಿಯ ಒಬ್ಬ ಹೆಂಗಸಿನ ಸಹಿ. ಯಾಕೆ ಹೆಂಗಸು ಅಂದರೆ ನೀರು ನಿಂತ ದಿನ ಅವಳಿಗೆ ಮರೆಯುವುದಿಲ್ಲ. ಈ ಹಾಳೆ ಇಲ್ಲದ ಬಿಲ್ಲಿಗೆ ನನ್ನ ಕೀ ಹಾಕುವುದಿಲ್ಲ ಅಂತ ಸಭೆಯಲ್ಲೇ ಹೇಳಿ, ನಡಾವಳಿಗೂ ಬರೆಸಿದೆ.

ಇನ್ನೊಂದು ಮಾತು. ವೈಂಡಿಂಗ್ ಮಾಡಿದಾಗ ಸುಟ್ಟ ತಾಮ್ರದ ತಂತಿ ಹೊರಗೆ ಬರುತ್ತದೆ. ಅದು ಕೆಜಿ ಲೆಕ್ಕದಲ್ಲಿ ಮಾರಾಟವಾಗುವ ಸಾಮಾನು, ಮತ್ತು ಅದು ಪಂಚಾಯ್ತಿಯದ್ದು. "ಹಳೇ ತಂತಿ ತಂದುಕೊಡಿ, ತೂಕ ಹಾಕೋಣ" ಅಂದೆ. ಆ ತಿಂಗಳು ಬಿಲ್ಲು ಎರಡಕ್ಕೆ ಇಳಿಯಿತು. ಮುಂದಿನ ತಿಂಗಳು ಒಂದು.

ರಿಪೇರಿ ಮಾಡುತ್ತಿದ್ದವನು ಒಬ್ಬ ಸದಸ್ಯರ ಭಾವಮೈದ. ಅದರ ಫಲ ಆಮೇಲೆ ಬಂತು, ಹೇಳುತ್ತೇನೆ.

ಶುದ್ಧ ನೀರಿನ ಘಟಕಕ್ಕೂ ಇದೇ ಬುದ್ಧಿ ಉಪಯೋಗಿಸಿ. ನಮ್ಮಲ್ಲಿ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ಒಂದು ದಿನ ಬೆಳಿಗ್ಗೆಯಿಂದ ಸಾಯಂಕಾಲದ ತನಕ ಎಷ್ಟು ಕ್ಯಾನ್ ಹೋಗುತ್ತದೆ ಎಣಿಸಿ. ಬೇಕಾದರೆ ಶಾಲೆ ಮಕ್ಕಳ ಕೈಲಿ ಎಣಿಸಿ, ಅವರು ತಪ್ಪುವುದಿಲ್ಲ. ಅದನ್ನು ಐದರಿಂದ ಗುಣಿಸಿ, ಮೂವತ್ತರಿಂದ ಗುಣಿಸಿ. ಪಂಚಾಯ್ತಿಗೆ ಕಟ್ಟಿದ ದುಡ್ಡಿನ ಪಕ್ಕದಲ್ಲಿ ಇಟ್ಟು ನೋಡಿ.

ದುಡ್ಡಿನ ಬಣ್ಣ

ಎಲ್ಲಾ ದುಡ್ಡೂ ಒಂದೇ ಅಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ರೂಪಾಯಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಹೋಗಬೇಕಿತ್ತು. ಉಳಿದ 40ರಲ್ಲಿ ಊರಿಗೆ ಬೇಕಾದ ಕೆಲಸ ಮಾಡಬಹುದಿತ್ತು, ಸಂಬಳ ಕೊಡುವಂತಿರಲಿಲ್ಲ. ಯಾರಾದರೂ "ಅನುದಾನ ಬಂದಿದೆ, ನಮ್ಮ ಬೀದಿಗೆ ರಸ್ತೆ ಮಾಡಿ" ಅಂದರೆ ಯಾವ ಅನುದಾನ ಅಂತ ಕೇಳಿ. ಕ್ರಿಯಾ ಯೋಜನೆಯಲ್ಲಿ ಆ ಕೆಲಸ ಇದೆಯಾ ನೋಡಿ. ಜೆಇ (ಜೂನಿಯರ್ ಇಂಜಿನಿಯರ್) ಬರೆದ ಅಂದಾಜು ಪಟ್ಟಿ ತೆಗೆದುಕೊಂಡು ಜಾಗಕ್ಕೆ ಹೋಗಿ. ಇಂಜಿನಿಯರಿಂಗ್ ಗೊತ್ತಿರಬೇಕಿಲ್ಲ. ಉದ್ದ, ಅಗಲ, ದಪ್ಪ. ಸೀರೆ ಅಳೆಯುವವರಿಗೆ ಚರಂಡಿ ಅಳೆಯಲು ಬರುವುದಿಲ್ಲವಾ?

ಪಂಚಾಯ್ತಿಗೆ ಸ್ವಂತ ದುಡ್ಡು ಅಂದರೆ ಕಂದಾಯ. ವಸೂಲಿ ಮಾಡಿಸುವ ಮುಂಚೆ ನಿಮ್ಮ ಮನೆಯ ಕಂದಾಯ ಕಟ್ಟಿ. ನಮ್ಮದು ಎರಡು ವರ್ಷದ ಬಾಕಿ ಇತ್ತು, ಮಾನ ಹೋಗುವ ವಿಷಯ. ಕಟ್ಟಿ ರಸೀದಿ ತೆಗೆದುಕೊಂಡು ಸಭೆಯಲ್ಲಿ ತೋರಿಸಿ, ಆಮೇಲೆ ಬಾಕಿ ಇರುವ ಸದಸ್ಯರ ಹೆಸರು ಓದಿದೆ. ಆರು ಜನ ಇದ್ದರು. ನಾಲ್ಕು ಜನ ಆ ವಾರವೇ ಕಟ್ಟಿದರು.

ಇ-ಸ್ವತ್ತು, ಅಂದರೆ ಕಂಪ್ಯೂಟರಿನಲ್ಲಿ ಸೈಟು, ಮನೆಗಳ ಖಾತೆ ಮಾಡುವ ವಿಷಯಕ್ಕೆ ಬಂದರೆ ಒಂದೇ ಮಾತು. ಸೈಟಿನ ಖಾತೆಗೆ ಅಂತ ಯಾರಾದರೂ ಮನೆಗೆ ಸ್ವೀಟ್ ಬಾಕ್ಸ್ ತಂದರೆ ಅಡುಗೆಮನೆಗೆ ಹೋಗಲು ಬಿಡಬೇಡಿ. ಆಫೀಸಿಗೆ ಬನ್ನಿ ಅನ್ನಿ.

ಗ್ರಾಮಸಭೆಗೆ ಹೆಂಗಸರು ಬರುವುದಿಲ್ಲ ಅನ್ನುವವರಿಗೆ

ಬರುವುದಿಲ್ಲ, ಯಾಕೆಂದರೆ ಬೆಳಿಗ್ಗೆ 11 ಗಂಟೆಗೆ ಇಟ್ಟಿರುತ್ತಾರೆ. ಆ ಹೊತ್ತಿಗೆ ಅವರು ಕಳೆ ಕೀಳುತ್ತಿರುತ್ತಾರೆ. ಶಾಮಿಯಾನ ಹಾಕಿ, ವೇದಿಕೆ ಮೇಲೆ ಹನ್ನೆರಡು ಕುರ್ಚಿ ಹಾಕಿ, ಎಲ್ಲರಿಗೂ ಸ್ವಾಗತ ಹೇಳುವುದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. ಬಂದ ಹೆಂಗಸರು ಹಿಂದೆ ಬಾಗಿಲ ಹತ್ತಿರ ನಿಲ್ಲುತ್ತಾರೆ.

ನಾನು ವಾರ್ಡ್ ಸಭೆಗಳನ್ನು ಡೇರಿ ಹೊತ್ತಿಗೆ ಇಡಿಸಿದೆ. ಹಾಲು ಹಾಕಿದ ಮೇಲೆ, ಕ್ಯಾನ್ ತೊಳೆಯುವ ಮುಂಚೆ. ಕುರ್ಚಿ ಇಲ್ಲ, ಹುಣಸೆ ಮರದ ಕೆಳಗೆ. ಸಂತೆ ದಿನ ಇಡಬೇಡಿ, ಅಮಾವಾಸ್ಯೆ ದಿನ ಇಡಬೇಡಿ. ಅಲ್ಲಿ ಬಂದ ಮೊದಲ ದೂರು ಏನು ಅಂದುಕೊಂಡಿರಿ? ನೀರು ಬರುವುದಿಲ್ಲ ಅಂತ ಅಲ್ಲ, ರಾತ್ರಿ ಎರಡು ಗಂಟೆಗೆ ಬರುತ್ತದೆ ಅಂತ. ತ್ರೀ ಫೇಸ್ ಕರೆಂಟ್ ಆಗ ಬರುತ್ತಿತ್ತು, ನೀರುಗಂಟಿ ಆಗಲೇ ಬಿಡುತ್ತಿದ್ದ. ಗಂಡಸರು ಎಂದೂ ಇದನ್ನು ಸಮಸ್ಯೆ ಅಂದಿರಲಿಲ್ಲ, ಅವರು ಮಲಗಿರುತ್ತಿದ್ದರು. ಓವರ್‌ಹೆಡ್ ಟ್ಯಾಂಕಿಗೆ ರಾತ್ರಿ ತುಂಬಿಸಿ ಬೆಳಿಗ್ಗೆ ಆರಕ್ಕೆ ಬಿಡುವ ಹಾಗೆ ಮಾಡಲು ಒಂದು ವಾಲ್ವ್ ಸಾಕಾಯಿತು.

ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಜಮಾಬಂದಿ ಇರುತ್ತದೆ. ಹಿಂದಿನ ಹಣಕಾಸು ವರ್ಷದ ಲೆಕ್ಕ, ಕೆಲಸ ಎಲ್ಲವನ್ನೂ ಜನರ ಮುಂದೆ ತೆರೆದಿಡುವ ದಿನ. ಅದನ್ನು ಕಾಟಾಚಾರಕ್ಕೆ ಮುಗಿಸುವವರೇ ಜಾಸ್ತಿ. ನನ್ನ ಮೋಟಾರ್ ನೋಟ್‌ಬುಕ್ಕನ್ನು ನಾನು ಅವತ್ತೇ ಓದಿಸಿದ್ದು.

ಎಂಟು ಜನರ ಊಟ, ಒಂದು ಬಸ್ಸು

ಮೇಲೆ ಹೇಳಿದ್ದನ್ನೆಲ್ಲ ಒಬ್ಬಳೇ ಮಾಡಲು ಆಗುತ್ತಿರಲಿಲ್ಲ. 8 ಜನ ಹೆಂಗಸರಲ್ಲಿ ಇಬ್ಬರಿಗೆ ಓದು ಬರುತ್ತಿರಲಿಲ್ಲ. ಒಬ್ಬಳು ಸಭೆಗೆ ಬರುವುದೇ ಇಲ್ಲ, ಅವಳ ಮೈದುನ ಬಂದು ಕೂರುತ್ತಿದ್ದ. ಸದಸ್ಯರ ಬದಲು ಬೇರೆಯವರು ಸಭೆಯಲ್ಲಿ ಕೂರುವಂತಿಲ್ಲ ಅಂತ ಅವನನ್ನು ಎಬ್ಬಿಸಿದೆ. ಅವನು ಎದ್ದ. ಅವಳು ಮುಂದಿನ ಎರಡು ಸಭೆಗೂ ಬರಲಿಲ್ಲ. ಎಬ್ಬಿಸಿದ್ದು ಸರಿ, ಆದರೆ ಮೊದಲು ಅವಳ ಮನೆಗೆ ಹೋಗಿ ಮಾತಾಡಬೇಕಿತ್ತು. ಅದು ನನ್ನ ತಪ್ಪು.

ಆಮೇಲೆ ಒಂದು ಪದ್ಧತಿ ಮಾಡಿದೆವು. ಸಭೆಗೆ ಏಳು ದಿನ ಮುಂಚೆ ನೋಟಿಸ್ ಬರುತ್ತದಲ್ಲ, ಬಂದ ಮಾರನೇ ದಿನ ಎಂಟೂ ಜನ ಡೇರಿ ರೂಮಿನಲ್ಲಿ ಸೇರುವುದು. ಒಬ್ಬೊಬ್ಬರು ಒಂದೊಂದು ತರುವುದು, ಮುದ್ದೆ, ಉಪ್ಸಾರು, ಹುಚ್ಚೆಳ್ಳು ಚಟ್ನಿ. ನಾನು ನೋಟಿಸ್ ಓದುವುದು. ಯಾವ ವಿಷಯಕ್ಕೆ ಯಾರು ಏನು ಕೇಳಬೇಕು ಅಂತ ಹಂಚಿಕೊಳ್ಳುವುದು. ಓದು ಬಾರದವಳೇ ಹಾಲಿನ ಲೆಕ್ಕ ಬಾಯಲ್ಲಿ ಇಟ್ಟುಕೊಳ್ಳುವವಳು, ಅವಳಿಗೆ ಬ್ಲೀಚಿಂಗ್ ಪೌಡರ್ ಲೆಕ್ಕ ಕೊಟ್ಟೆವು. ಎಷ್ಟು ಮೂಟೆ ಬಂತು, ಎಷ್ಟು ಖಾಲಿ ಚೀಲ ಇದೆ ಅಂತ ಕೇಳಿದಳು ನೋಡಿ, ಇಡೀ ಸಭೆ ತಣ್ಣಗಾಯಿತು.

ಒಂದೂವರೆ ವರ್ಷ ಆದ ಮೇಲೆ ನನ್ನ ಮೇಲೆ ಅವಿಶ್ವಾಸ ತರಲು ಓಡಾಟ ಶುರುವಾಯಿತು. ಭಾವಮೈದನ ವಿಷಯ ಹೇಳಿದೆನಲ್ಲ, ಅಲ್ಲಿಂದಲೇ. ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಆದರೆ ಪಕ್ಷದವರು ಇರುತ್ತಾರೆ. ಅವಿಶ್ವಾಸ ಬಂದರೆ ಉಪವಿಭಾಗಾಧಿಕಾರಿ ಬಂದು ಸಭೆ ನಡೆಸುತ್ತಾರೆ. ಅದಕ್ಕೆ ಮುಂಚೆ ಅರ್ಜಿಗೆ ಬೇಕಾದಷ್ಟು ಸಹಿ ಆಗಬೇಕು. ಸಹಿ ಹಾಕಿದವರು ಕೈತಪ್ಪದ ಹಾಗೆ ಟೂರಿಗೆ ಕರೆದುಕೊಂಡು ಹೋಗುತ್ತಾರೆ. ಫೋನ್ ಸ್ವಿಚ್ ಆಫ್, ದೇವಸ್ಥಾನದಲ್ಲಿ ಆಣೆ ಪ್ರಮಾಣ. ನಮ್ಮ ಕಡೆ ಇದಕ್ಕೆ ಮಿನಿಬಸ್ಸು ಬಂತು. ಬೆಳಿಗ್ಗೆ ಐದಕ್ಕೆ ಅರಳಿಕಟ್ಟೆ ಹತ್ತಿರ ನಿಂತಿತ್ತು. ಗಂಡಸರು ಆರು ಜನ ಹತ್ತಿದರು. ಹೆಂಗಸರ ಗಂಡಂದಿರೂ ಇಬ್ಬರು ಹತ್ತಿದರು, ಹೆಂಡತಿ ಹಿಂದಿನಿಂದ ಬರುತ್ತಾಳೆ ಅಂದುಕೊಂಡು. ಒಬ್ಬಳೂ ಬರಲಿಲ್ಲ. ಮೈದುನನನ್ನು ಕಳಿಸುತ್ತಿದ್ದವಳು ಡೇರಿಗೆ ಬಂದು, "ಬಸ್ಸು ಚೆನ್ನಾಗೈತೆ ಕಣಕ್ಕ, ಏಸಿದು" ಅಂದಳು. ಸಹಿ ಸಾಕಾಗಲಿಲ್ಲ. ಅವಿಶ್ವಾಸ ಬಿದ್ದುಹೋಯಿತು ಅನ್ನುವುದಕ್ಕಿಂತ ಹೊರಡಲೇ ಇಲ್ಲ ಅನ್ನಬೇಕು. ಆ ಆರು ಜನ ಮಾತ್ರ ದೇವರ ದರ್ಶನ ಮಾಡಿಕೊಂಡು ಬಂದರು.

ಮನೆ

ಯಜಮಾನರನ್ನು ಶತ್ರು ಮಾಡಿಕೊಳ್ಳಬೇಡಿ, ಬದಲಿಗೆ ಕೆಲಸ ಕೊಡಿ. ನಮ್ಮವರನ್ನು ಜನ "ಅಧ್ಯಕ್ಷ್ರೇ" ಅನ್ನುತ್ತಿದ್ದರು. ಸಂಜೆ ಹಾಲು ಅಳೆಯುವ ಕೆಲಸ ಅವರಿಗೆ ಬಿಟ್ಟೆ. ಆರು ತಿಂಗಳಲ್ಲಿ "ಸೆಕ್ರೆಟ್ರಿ" ಅನ್ನಲು ಶುರು ಮಾಡಿದರು. ಅವರಿಗೂ ಅದು ಇಷ್ಟವಾಯಿತು.

ರಾತ್ರಿ ಫೋನ್ ಮಾಡಿ ಕುಡಿದು ಬೈಯುವವರು ಇರುತ್ತಾರೆ. ರೆಕಾರ್ಡ್ ಮಾಡಿಕೊಳ್ಳಿ, ಬೆಳಿಗ್ಗೆ ಅವರ ತಾಯಿಗೆ ಕೇಳಿಸಿ. ಪೊಲೀಸ್ ಸ್ಟೇಷನ್ನಿಗಿಂತ ಬೇಗ ಕೆಲಸ ಆಗುತ್ತದೆ.

ತರಬೇತಿ ಇದೆ ಅಂತ ಪತ್ರ ಬಂದರೆ ಬಿಡಬೇಡಿ. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಸಂಸ್ಥೆ ಇದೆ, ಅವರೇ ಏರ್ಪಾಡು ಮಾಡುತ್ತಾರೆ. ಪಾಠಕ್ಕಿಂತ ಊಟದ ಹೊತ್ತಿನಲ್ಲಿ ಬೇರೆ ಊರಿನ ಅಧ್ಯಕ್ಷೆಯರು ಹೇಳುವುದರಲ್ಲಿ ಜಾಸ್ತಿ ಸಿಗುತ್ತದೆ. ತಾಮ್ರದ ತಂತಿಯ ವಿಷಯ ನನಗೆ ಹೇಳಿದ್ದು ಅಲ್ಲಿ ಪಕ್ಕದಲ್ಲಿ ಕೂತಿದ್ದ ಒಬ್ಬರು.

ಮುಂದೆ?

"ತಾಲ್ಲೂಕು ಪಂಚಾಯ್ತಿಗೆ ನಿಲ್ಲಿ, ಜಿಲ್ಲಾ ಪಂಚಾಯ್ತಿಗೆ ನಿಲ್ಲಿ" ಅಂತ ಹುರಿದುಂಬಿಸುವವರು ಬರುತ್ತಾರೆ. ಅವುಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಅದರ ಮೇಲಿನ ಮೆಟ್ಟಿಲು ವಿಧಾನಸೌಧ. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1972ರಲ್ಲೇ ವಿಧಾನಸಭೆಯ ಸ್ಪೀಕರ್ ಆದವರು, 1978ರವರೆಗೆ ಆ ಕುರ್ಚಿಯಲ್ಲಿ ಕೂತವರು. ಅದಾಗಿ ಅರ್ಧ ಶತಮಾನವೇ ಕಳೆದಿದೆ. 2023ರ ಚುನಾವಣೆಯಲ್ಲಿ 224 ಸ್ಥಾನದಲ್ಲಿ ಗೆದ್ದ ಹೆಂಗಸರು 10 ಜನ. ನಮ್ಮ ಡೇರಿ ರೂಮಿನಲ್ಲಿ ಊಟಕ್ಕೆ ಕೂರುತ್ತಿದ್ದವರು 8. ಅದೇ ವರ್ಷ ಲೋಕಸಭೆ, ವಿಧಾನಸಭೆಗಳಲ್ಲಿ ಹೆಂಗಸರಿಗೆ ಮೂರನೇ ಒಂದು ಭಾಗದ ಮೀಸಲಾತಿ ಸಂಸತ್ತಿನಲ್ಲಿ ಪಾಸಾಯಿತು. ಜನಗಣತಿ ಆಗಿ, ಕ್ಷೇತ್ರಗಳ ಗಡಿ ಗುರುತಿಸಿದ ಮೇಲೆ ಜಾರಿಗೆ ಬರುತ್ತದೆ. ನನ್ನ ಮಗಳಿಗೆ ಈಗ ಇಪ್ಪತ್ತೆರಡು. ಅವಳಿಗೆ ನಡಾವಳಿ ಓದುವುದು ಕಲಿಸಿದ್ದೇನೆ.

ಅವಧಿ ಮುಗಿಯುವ ದಿನ ಮಾಡಬೇಕಾದ್ದು ಒಂದಿದೆ. ಕೀ ವಾಪಸ್ ಕೊಡುವಾಗ ರಸೀದಿ ತೆಗೆದುಕೊಳ್ಳಿ. ಯಾವ ದಿನ, ಎಷ್ಟು ಗಂಟೆಗೆ, ಯಾರ ಕೈಗೆ ಕೊಟ್ಟಿರಿ ಅಂತ ಬರೆಸಿ, ಸೀಲು ಹಾಕಿಸಿ. ಅದಾದ ಮೇಲೆ ಹೋದ ದುಡ್ಡಿಗೆ ನೀವು ಜವಾಬ್ದಾರರಲ್ಲ. "ಅಷ್ಟೊಂದು ಅನುಮಾನವಾ ಮೇಡಂ?" ಅಂತ ಕೇಳಿದರು. "ಡೇರಿಯವಳು ಕಣಪ್ಪಾ, ಚೀಟಿ ಇಲ್ಲದೆ ಹಾಲು ಕೊಟ್ಟು ಅಭ್ಯಾಸ ಇಲ್ಲ" ಅಂದೆ. ಆ ರಸೀದಿ, ಮೋಟಾರ್ ನೋಟ್‌ಬುಕ್ಕಿನ ಜೆರಾಕ್ಸ್, ಎರಡೂ ಟ್ರಂಕಿನಲ್ಲಿ ಅತ್ತೆಯ ಮಂಡಲ ಪಂಚಾಯ್ತಿ ಕಾಲದ ಫೋಟೋ ಜೊತೆ ಇವೆ. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಡೇರಿ ಬಾಗಿಲು ತೆಗೆದೆ. ಮೊದಲ ಕ್ಯಾನ್ ತಂದವಳು ಎಂದಿನ ಹಾಗೆ ಫ್ಯಾಟು ಕಮ್ಮಿ ಬಂತು ಅಂತ ಜಗಳ ತೆಗೆದಳು.